ಸೇತುವೆ ನಡುಗಿದಾಗ

ಒಂದು ದಿನ ಯಮುನಾ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಎತ್ತಪ್ಪ ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿ ನುಂಗಿದ. ಇನ್ನೊಂದು ಮುದ್ದೆ ಇಟ್ಟಳು, ಅದನ್ನೂ ಉಂಡ. ಎದ್ದು ಕೈ ತೊಳೆದುಕೊಂಡು ಹೊರಗೆ ಹೋಗಿ ಬೂಟು ಹಾಕಿಕೊಳ್ಳತೊಡಗಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಒಲೆಯ ಮುಂದೆ ಕೂತು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಒಳಗೆ ಹೆಂಡತಿ ಅಳುತ್ತಿರುವುದು ಅವನಿಗೆ ಕೇಳಿಸಿತು. ಕೇಳಿಸಿದ್ದು ಕಿವಿಯಲ್ಲೇ ಉಳಿಯಿತು, ಒಳಕ್ಕೆ ಇಳಿಯಲಿಲ್ಲ.

ಎತ್ತಪ್ಪ ಹುಟ್ಟಿದ್ದು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆ ಹೋಗುವ ದಾರಿಯ ಒಂದು ಗೊಲ್ಲರಹಟ್ಟಿಯಲ್ಲಿ. ಅಪ್ಪನಿಗೆ ಕುರಿ ಹಿಂಡಿತ್ತು. ತೊಂಬತ್ತರ ದಶಕದ ಮೊದಲಿಗೆ ರೈಲಿನ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ ಶುರುವಾದಾಗ ಹಟ್ಟಿಯ ಹುಡುಗರೆಲ್ಲ ಲಾರಿ ಹತ್ತಿ ಕೂಲಿಗೆ ಬಂದರು. ಎಲ್ಲರೂ ಮುಗಿಸಿ ಹಿಂದಕ್ಕೆ ಹೋದರೂ ಎತ್ತಪ್ಪ ಉಳಿದುಕೊಂಡ. ಕೆಲವು ವರ್ಷ ಅಲೆದಾಡಿದ ಮೇಲೆ ಕೆಲಸ ಖಾಯಂ ಆಯಿತು. ಕರಡಿ ಸ್ಟೇಷನ್ನಿಗೂ ತಿಪಟೂರಿಗೂ ನಡುವೆ ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿದ. ಸಡಿಲಾದ ಕೀಲಿ ಬಡಿಯುವುದು, ನೆಲ ಜಗ್ಗಿದ ಕಡೆ ಜಲ್ಲಿ ತುಂಬಿ ಗಟ್ಟಿ ಮಾಡುವುದು, ಬೋಲ್ಟು ಬಿಗಿಯುವುದು, ಬಿಸಿಲಿಗೆ ಹಳಿ ಸೊಟ್ಟಗಾಗಿದೆಯೇ ಎಂದು ನೋಡುತ್ತಾ ಮೈಲಿಗಟ್ಟಲೆ ನಡೆಯುವುದು. ಕುರಿ ಹಿಂದೆ ನಡೆದು ಬೆಳೆದವನಿಗೆ ನಡಿಗೆ ಭಾರವೆನಿಸಲಿಲ್ಲ. ತನ್ನ ಹಟ್ಟಿಯವಳೇ ಆದ ಯಮುನಾಳನ್ನು ಮದುವೆಯಾಗಿ ತಿಪಟೂರಿನ ಗ್ಯಾಂಗ್ ಕ್ವಾರ್ಟರ್ಸಿಗೆ ಕರೆತಂದ. ಅವಳ ತಮ್ಮ ಚಿತ್ತೇಶನೂ ಕೆಲವು ವರ್ಷದ ಮೇಲೆ ಅದೇ ಗ್ಯಾಂಗಿಗೆ ಬಂದ.

ಚಿತ್ತೇಶ ಬಾಯಿಬಡುಕ. ಹಾರೆ ಹಿಡಿದರೂ ಮಾತು, ಬುತ್ತಿ ಬಿಚ್ಚಿದರೂ ಮಾತು. ಮೇಸ್ತ್ರಿ ಗಂಗಾಧರಯ್ಯ ಬೈದರೆ ಅವರ ದನಿಯಲ್ಲೇ ಅವರಿಗೆ ತಿರುಗಿ ಬೈದು ಎಲ್ಲರನ್ನೂ ನಗಿಸುತ್ತಿದ್ದ. ಭಾವ ಮುಂದೆ, ಭಾವಮೈದ ಹಿಂದೆ ಹಳಿಯ ಮೇಲೆ ಹೋಗುತ್ತಿದ್ದರೆ ತೋಟದವರಿಗೆ ಮೊದಲು ಕೇಳಿಸುತ್ತಿದ್ದದ್ದು ಅವನ ದನಿ.

ಎರಡು ಸಾವಿರದ ನಾಲ್ಕರ ಆಷಾಢ. ಆ ಸೀಮೆಯ ಆಷಾಢದ ಗಾಳಿಯನ್ನು ಅನುಭವಿಸಿದವರೇ ಬಲ್ಲರು. ಸಾವಿರಾರು ತೆಂಗಿನ ಮರಗಳು ಒಟ್ಟಿಗೆ ಗರಿ ಬಡಿದುಕೊಳ್ಳುವಾಗ ಮಳೆ ಸುರಿದಂಥ ಸದ್ದು. ಹತ್ತಿರದಲ್ಲಿ ನಿಂತವನ ಮಾತೂ ಕೇಳಿಸದು. ಭಾವ, ಭಾವಮೈದ ಇಬ್ಬರೇ ಹಳಿ ನೋಡುತ್ತಾ ಹೋಗಿದ್ದರು. ಎರಡೂ ಕಡೆ ತೋಟವಿರುವ ತಿರುವೊಂದರಲ್ಲಿ ಚಿತ್ತೇಶ ಬಗ್ಗಿ ಬೋಲ್ಟು ಬಿಗಿಯುತ್ತಿದ್ದ. ಪಕ್ಕದ ತೋಟದಲ್ಲಿ ಕರೆಂಟು ಬಂದು ಪಂಪು ನೀರು ಉಗುಳತೊಡಗಿತು. "ನೀನು ಹೋಗಿ ಕುಡ್ಕಂಡು ಬಾ ಭಾವ, ಇದೊಂದು ಬಿಗ್ದು ಬತ್ತೀನಿ" ಎಂದ ಚಿತ್ತೇಶ. ಎತ್ತಪ್ಪ ತೋಟಕ್ಕಿಳಿದ. ಕರಡಿ ಕಡೆಯಿಂದ ಗಾಡಿ ಬಂತು. ಡ್ರೈವರು ಕೂಗಿಸಿದ್ದನಂತೆ. ಗಾಳಿ ಆ ಕೂಗನ್ನು ಬೇರೆ ದಿಕ್ಕಿಗೆ ಹೊತ್ತೊಯ್ದಿತ್ತು.

ತಪ್ಪು ಯಾರದೂ ಅಲ್ಲ ಎಂದು ವಿಚಾರಣೆಗೆ ಬಂದವರು ಹೇಳಿದರು. ಎತ್ತಪ್ಪನೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ: ಗಾಳಿ ಇತ್ತು, ನಾನು ನೀರಿಗೆ ಹೋಗಿದ್ದೆ, ಗಾಡಿ ನಿಂತಿತು, ಹೋಗಿ ನೋಡಿದೆ. ಹಟ್ಟಿಯಲ್ಲಿ ಮಣ್ಣು ಮಾಡುವಾಗ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು. ಎತ್ತಪ್ಪ ಗುಂಡಿಗೆ ಮಣ್ಣೆಳೆಯುವುದಕ್ಕೆ ಗುದ್ದಲಿ ಹಿಡಿದು ನಿಂತಿದ್ದ. ಅಳಲಿಲ್ಲ. ಆವತ್ತೇ ಅಲ್ಲ, ಆಮೇಲೂ ಅಳಲಿಲ್ಲ. "ಗಂಡು ಗಟ್ಟಿ" ಎಂದರು ಮೊದಲು. ತಿಂಗಳುಗಳು ಕಳೆದಂತೆ "ಕಲ್ಲಾಗವ್ನೆ ಕಣ್ಲಾ" ಎಂದರು.

ಯಮುನಾ ಕೇಳಿದ್ದು ಒಂದೇ ಮಾತು. "ನನ್ನ ತಮ್ಮನ್ನ ಕಡೇಲಿ ನೋಡ್ದೋರು ನೀವು. ಏನಾಯ್ತು ಅಂತ ನಂಗೆ ಹೇಳಿ."

"ವಿಚಾರಣೇಲಿ ಹೇಳಿದ್ದೀನಲ್ಲ."

"ಅವ್ರಿಗೆ ಹೇಳಿದ್ದು ಬ್ಯಾಡ. ನಂಗೆ ಹೇಳಿ."

ಅವನು ಎದ್ದು ಹೋಗುತ್ತಿದ್ದ. ಸಿಟ್ಟಿನಿಂದಲ್ಲ. ಹೇಳುವುದಕ್ಕೆ ಒಳಗೆ ಕೈಹಾಕಿದರೆ ಏನೂ ಸಿಗುತ್ತಿರಲಿಲ್ಲ, ಅಷ್ಟೇ. ಬಿಸಿಲಿಗೆ ಕಾದ ಹಾರೆಯನ್ನು ಬರಿಗೈಯಲ್ಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿದ್ದೂ ಮೇಸ್ತ್ರಿ ತೋರಿಸುವವರೆಗೆ ಅವನಿಗೆ ಗೊತ್ತಾಗಿರಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಚಿತ್ತೇಶನ ಹೆಂಡತಿ ಶಶಿರೇಖಾಗೆ ಗಂಡನ ಕೆಲಸದ ಆದೇಶ ಬಂತು. ಅನುಕಂಪದ ನೌಕರಿ. ಅದೇ ಗ್ಯಾಂಗು, ಅದೇ ಹಳಿ. ಅವಳಿಗಿನ್ನೂ ಮೂವತ್ತಾಗಿರಲಿಲ್ಲ, ಬಾಲವಾಡಿಗೆ ಹೋಗುವ ಒಂದು ಹೆಣ್ಣುಮಗುವಿತ್ತು. ಮಗುವನ್ನು ಹಟ್ಟಿಯಲ್ಲಿ ತಾಯಿಯ ಹತ್ತಿರ ಬಿಟ್ಟು, ಒಂದು ಟ್ರಂಕು ಹಿಡಿದು ಕ್ವಾರ್ಟರ್ಸಿಗೆ ಬಂದಿಳಿದಳು.

ಯಮುನಾ ಬಾಗಿಲಲ್ಲೇ ತಡೆದಳು. "ಅವನ್ನ ನುಂಗಿದ ಹಳಿ ಮ್ಯಾಲೆ ನೀನು ಹಾರೆ ಹಿಡ್ಕಂಡು ನಿಂತ್ಕಂತೀಯೇನೇ? ನಿಂಗೆ ಮನ್ಸಾದ್ರೂ ಹೆಂಗೆ ಬಂತು?"

"ಮನ್ಸು ಬಂದು ಬಂದಿಲ್ಲ ಅತ್ತಿಗೆ" ಎಂದಳು ಶಶಿರೇಖಾ. "ಹಟ್ಟೀಲಿ ಕುರಿ ಹಿಂದೆ ಹೋದ್ರೂ ಬಿಸ್ಲೇ, ಇದೂ ಬಿಸ್ಲೇ. ಇಲ್ಲಾದ್ರೆ ಮಗೀನ ಓದ್ಸಬೋದು. ದಾರಿ ಬುಡಿ, ಟ್ರಂಕು ಭಾರ ಅದೆ."

ಎತ್ತಪ್ಪ ಹಿಂದಿನಿಂದ ಬಂದು ಟ್ರಂಕು ತೆಗೆದುಕೊಂಡು ಒಳಗಿಟ್ಟ. ಬೆಳಿಗ್ಗೆ ಅವಳಿಗೆ ಹಾರೆ ಹಿಡಿಯುವುದು ಹೇಗೆ, ಗಾಡಿ ಬಂದಾಗ ಎಲ್ಲಿ ನಿಲ್ಲಬೇಕು, ಹಳಿಯ ಒಳಗೆ ಎಂದೂ ಬೆನ್ನು ತಿರುಗಿಸಿ ನಿಲ್ಲಬಾರದು ಎಂದೆಲ್ಲ ಹೇಳಿಕೊಟ್ಟ. ಹೊಸದಾಗಿ ಸೇರಿದ ಯಾರಿಗಾದರೂ ಹೇಳುವಂತೆಯೇ ಹೇಳಿದ. ಅವಳೂ ಹಾಗೆಯೇ ಕೇಳಿಸಿಕೊಂಡಳು. ಆ ತಿರುವಿಗೆ ಮೊದಲ ಸಲ ಕೆಲಸ ಬಿದ್ದ ದಿನ ಶಶಿರೇಖಾ ಒಂದು ಗಳಿಗೆ ನಿಂತು ನೆಲ ನೋಡಿದಳು. ಆಮೇಲೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಜಲ್ಲಿ ಎಳೆಯತೊಡಗಿದಳು. ಎತ್ತಪ್ಪ ಅದನ್ನು ನೋಡಿದ. ಏನಾದರೂ ಅನಿಸಬೇಕಿತ್ತು ಎಂದು ಮಾತ್ರ ಅನಿಸಿತು.

ಅದೇ ಬೇಸಿಗೆಯಲ್ಲಿ ಜೀವಿತಾ ಮೇಡಂ ಬಂದರು.

ಜೀವಿತಾ ಹಾಲ್ಕುರಿಕೆಯ ತೆಂಗಿನ ತೋಟದವರ ಮಗಳು. ತಿಪಟೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾ ಡಾಕ್ಟರೇಟಿಗೆ ಓದುತ್ತಿದ್ದಳು. ಸ್ಕೂಟಿಯ ಮೇಲೆ, ತಲೆಗೆ ದುಪಟ್ಟಾ ಸುತ್ತಿಕೊಂಡು, ಮುಂದೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ತೋಟದ ಕಾಲುದಾರಿಯಲ್ಲಿ ಬಂದಳು. ಕೈಯಲ್ಲಿ ಇಲಾಖೆಯ ಅನುಮತಿಯಿತ್ತು. ಕರಡಿ ಕಡೆಯ ಹಳ್ಳದ ಮೇಲಿನ ಕಬ್ಬಿಣದ ಸೇತುವೆಗೆ ಅವಳು ಒಂದು ಡಬ್ಬಿ ಕಟ್ಟಬೇಕಿತ್ತು. ಮೇಸ್ತ್ರಿ ಗಂಗಾಧರಯ್ಯ ಅವಳ ಜೊತೆಗೆ ಎತ್ತಪ್ಪನನ್ನು ಹಾಕಿದರು. "ಇವ್ನು ಜಾಸ್ತಿ ಮಾತಾಡಲ್ಲ ಕಣಮ್ಮ. ಹೇಳಿದ್ದು ಮಾಡ್ತಾನೆ."

ಡಬ್ಬಿ ಅಂಗೈಯಗಲ. ಒಳಗೆ ಒಂದು ಉಕ್ಕಿನ ಪಟ್ಟಿ. ಅದರ ಒಂದು ತುದಿ ಬಿಗಿದಿತ್ತು, ಇನ್ನೊಂದು ತುದಿಗೆ ಅಯಸ್ಕಾಂತ ಅಂಟಿಸಿತ್ತು. ಅದರ ಕೆಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಎತ್ತಪ್ಪ ಸೇತುವೆಯ ಕೆಳಗೆ ಹಳ್ಳದಲ್ಲಿ ನಿಂತು ಡಬ್ಬಿ ಹಿಡಿದುಕೊಂಡಿದ್ದ. ಜೀವಿತಾ ಬೋಲ್ಟು ಹಾಕುತ್ತಾ ತಾನಾಗಿಯೇ ವಿವರಿಸಿದಳು.

"ಸೈಕಲ್ ಡೈನಮೋ ನೋಡಿದೀರಲ್ಲ ಎತ್ತಪ್ಪನೋರೇ? ಚಕ್ರ ತಿರುಗಿದ್ರೆ ದೀಪ ಹತ್ತುತ್ತೆ. ಇದೂ ಹಂಗೇನೇ. ಗಾಡಿ ಸೇತುವೆ ಮೇಲೆ ಬಂದಾಗ ಕಬ್ಬಿಣ ನಡುಗುತ್ತೆ. ಈ ಪಟ್ಟಿ ಕುಣಿಯುತ್ತೆ. ಅಯಸ್ಕಾಂತ ಸುರುಳಿ ಮೇಲೆ ಹೋಗಿ ಬಂದು ಮಾಡಿದ್ರೆ ಒಂದು ಚೂರು ಕರೆಂಟು. ಅದು ಒಂದು ಕಡೆ ತುಂಬ್ಕೊಳ್ಳುತ್ತೆ. ತುಂಬಿದ ತಕ್ಷಣ ವೈರ್‌ಲೆಸ್ಸಲ್ಲಿ ಒಂದು ಕೂಗು ಹಾಕುತ್ತೆ. ನಿಮ್ಮ ಸೊಂಟಕ್ಕೆ ಕಟ್ಕೊಳ್ಳೋಕೆ ಇನ್ನೊಂದು ಪುಟ್ಟ ಪೆಟ್ಟಿಗೆ ಕೊಡ್ತೀನಿ. ಆ ಕೂಗು ಅದಕ್ಕೆ ಕೇಳುತ್ತೆ, ಅದು ಬಡ್ಕೊಳ್ಳುತ್ತೆ."

"ಸೆಲ್ಲು ಹಾಕಿದ್ರೆ ಆಗಲ್ವಾ?" ಎಂದ ಎತ್ತಪ್ಪ. ಆ ದಿನ ಅವನಾಡಿದ ಮೊದಲ ಮಾತು ಅದು.

"ಸೇತುವೆ ಕೆಳಗಿಟ್ಟ ಬ್ಯಾಟರಿ ಎಷ್ಟು ದಿನ ಉಳಿಯುತ್ತೆ? ಮುಗಿದು ಹೋಗುತ್ತೆ, ಇಲ್ಲ ಯಾರಾದ್ರೂ ಬಿಚ್ಕೊಂಡು ಹೋಗ್ತಾರೆ. ಸೋಲಾರ್ ಪ್ಲೇಟೂ ಅಷ್ಟೇ. ಬರೋ ಗಾಡೀನೇ ತಾನು ಬರ್ತಿದೀನಿ ಅಂತ ಹೇಳ್ಬೇಕು. ಅದಕ್ಕೆ ಇದು."

ಡಬ್ಬಿಯ ಕೂಗು ದೂರ ಹೋಗಲೆಂದು ಪಕ್ಕದ ತೋಟದವರನ್ನು ಕೇಳಿ ಒಂದು ತೆಂಗಿನ ಮರದ ಉದ್ದಕ್ಕೂ ತಂತಿ ಎಳೆದು ಮೇಲಕ್ಕೆ ಕಟ್ಟಿಸಿದರು. ಸೇತುವೆಯಿಂದ ಆ ತಿರುವಿಗೆ ಒಂದೂವರೆ ಕಿಲೋಮೀಟರು. ತಿಪಟೂರಿನ ಕಡೆ ಹಳಿ ನೆಟ್ಟಗಿರುವುದರಿಂದ ಅಲ್ಲಿಂದ ಬರುವ ಗಾಡಿ ದೂರದಿಂದಲೇ ಕಾಣುತ್ತದೆ. ಕರಡಿ ಕಡೆಯದು ಮಾತ್ರ ತೋಟದ ಮರೆಯಿಂದ ಒಮ್ಮೆಗೇ ಬಂದು ಮೇಲೆ ಬೀಳುತ್ತದೆ. ಈ ಡಬ್ಬಿ ಕೂಗಿದರೆ ಹಾರೆ ಗುದ್ದಲಿ ಎತ್ತಿಕೊಂಡು ಪಕ್ಕಕ್ಕೆ ಸರಿಯುವಷ್ಟು ಹೊತ್ತು ಸಿಗುತ್ತಿತ್ತು. ಜೀವಿತಾ ಲೆಕ್ಕ ಹಾಕಿ ತಿರುವನ್ನು ಆರಿಸಿದ್ದಳೇ ಹೊರತು ಅಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ.

ಮೇಸ್ತ್ರಿ ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು. "ನೋಡ್ರಲಾ, ಇದು ಓದೋ ಮಕ್ಳ ಪರೀಕ್ಷೆ. ಇದನ್ನ ನಂಬ್ಕಂಡು ಯಾರಾದ್ರೂ ಮೈ ಮರೆತ್ರೆ ನಾನೇ ಹೊಡೀತೀನಿ. ಬಾವುಟ ಹಿಡಿಯೋನು ಹಿಡೀಲೇಬೇಕು, ಸೀಟಿ ಊದೋನು ಊದಲೇಬೇಕು."

ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಮೊದಲ ವಾರಗಳಲ್ಲಿ ಡಬ್ಬಿ ತನಗೆ ತೋಚಿದಂತೆ ನಡೆದುಕೊಂಡಿತು. ಭಾರದ ಗೂಡ್ಸ್ ಗಾಡಿ ಬಂದರೆ ಸರಿಯಾಗಿ ಬಡಿದುಕೊಳ್ಳುತ್ತಿತ್ತು; ಕಡಿಮೆ ಬೋಗಿಯ ಪ್ಯಾಸೆಂಜರ್ ಬಂದರೆ ಕೆಲವು ಸಲ ಸುಮ್ಮನಿರುತ್ತಿತ್ತು. ಒಂದು ದಿನ ಗಾಡಿಯೇ ಇಲ್ಲದೆ ಬೆಳಗಿನಿಂದ ಕೂಗಿತು. ಜೀವಿತಾ ಓಡಿಬಂದು ನೋಡಿದರೆ ಹಳ್ಳದ ಪಕ್ಕದ ತೋಟದಲ್ಲಿ ಬೋರು ಕೊರೆಯುವ ಲಾರಿ ನಿಂತಿತ್ತು. ಅವಳು ಬಂಡೆಯ ಮೇಲೆ ಕೂತು ಹಣೆಗೆ ಕೈಹಚ್ಚಿಕೊಂಡು ನಕ್ಕಳು. ಎತ್ತಪ್ಪ ನಗಲಿಲ್ಲ. ಪಟ್ಟಿಯನ್ನು ಗಿಡ್ಡ ಮಾಡಿದಳು, ಅಯಸ್ಕಾಂತ ಬದಲಿಸಿದಳು, ಕಾಲೇಜಿಗೆ ಒಯ್ದು ಮತ್ತೆ ತಂದಳು. ಅವನು ಪ್ರತಿ ಸಲವೂ ಬಂದು ಡಬ್ಬಿ ಹಿಡಿದುಕೊಂಡ. ಸಂಜೆ ಅವಳು ಕೇಳುತ್ತಿದ್ದಳು. ಅವನು "ಬಂತು" ಅಥವಾ "ಬರಲಿಲ್ಲ" ಎನ್ನುತ್ತಿದ್ದ.

ಒಂದು ಸಂಜೆ ಬೋಲ್ಟು ಬಿಗಿಯುತ್ತಾ ಸುಮ್ಮನೆ ಕೇಳಿದಳು. "ಆ ತಿರುವಲ್ಲಿ ಯಾವತ್ತಾದ್ರೂ ಯಾರಿಗಾದ್ರೂ ಏನಾದ್ರೂ ಆಗಿತ್ತಾ ಎತ್ತಪ್ಪನೋರೇ?"

"ಆಗಿತ್ತು."

"ಯಾರಿಗೆ?"

"ನನ್ನ ಭಾವಮೈದುನ್ಗೆ."

ಅವಳ ಕೈ ನಿಂತಿತು. "ಏಟಾಗಿತ್ತಾ?"

"ಹೋಗ್ಬುಟ್ಟ."

ಊರಿನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದ.  "ಮೊದಲೇ ಹೇಳ್ಬಾರದಾಗಿತ್ತಾ" ಎಂದಳು. "ನೀವು ಕೇಳ್ಲಿಲ್ಲ" ಎಂದು ಅವನು ಸ್ಪ್ಯಾನರ್ ಮುಂದಕ್ಕೆ ಚಾಚಿದ. ಆಮೇಲೆ ಅವಳು ನಗುವುದು ಕಡಿಮೆಯಾಯಿತು, ಬರುವುದು ಹೆಚ್ಚಾಯಿತು. ಮಳೆ ಶುರುವಾಗುವ ಹೊತ್ತಿಗೆ ಡಬ್ಬಿ ಹಗುರ ಗಾಡಿಗೂ ಕೂಗುವಂತಾಯಿತು.

ಮತ್ತೆ ಆಷಾಢ ಬಂತು. ತೋಟಗಳು ಬೆಳಗಿನಿಂದಲೇ ಮೊರೆಯತೊಡಗಿದವು. ತಿರುವಿನಲ್ಲಿ ಜಲ್ಲಿ ತುಂಬುವ ಕೆಲಸ ಬಿತ್ತು. ಅಣ್ಣಯ್ಯ ಎನ್ನುವ ಹಳೆಯ ಗ್ಯಾಂಗ್‌ಮನ್ ಕರಡಿ ಕಡೆಯ ತುದಿಯಲ್ಲಿ ಕೆಂಪು ಬಾವುಟ ಹಿಡಿದು ನಿಂತ. ಎತ್ತಪ್ಪ, ಶಶಿರೇಖಾ, ಇನ್ನಿಬ್ಬರು ಹಳಿಯ ಒಳಗೆ ಬಗ್ಗಿ ಹಳಿ ಹೊತ್ತ ಸ್ಲೀಪರ್ ತೊಲೆಗಳ ಕೆಳಕ್ಕೆ ಜಲ್ಲಿ ತುರುಕುತ್ತಿದ್ದರು. ಮೇಸ್ತ್ರಿ ಸ್ವಲ್ಪ ದೂರದಲ್ಲಿ ಹಳಿಯ ಮಟ್ಟ ನೋಡುತ್ತಿದ್ದರು. ಶಶಿರೇಖಾ ಮೇಲೆ ಹಾಕಿಕೊಂಡಿದ್ದದ್ದು ಗಂಡನ ಹಳೆಯ ಕಾಕಿ ಅಂಗಿ. ತಲೆಗೆ ಟವೆಲ್ ಸುತ್ತಿ, ಬೆನ್ನು ಮೇಲೆ ಮಾಡಿ ಬಗ್ಗಿದ್ದಳು.

ಗಾಳಿಗೆ ಒಣಗಿದ ಗರಿಯೊಂದು ಕಳಚಿ ಅಣ್ಣಯ್ಯನ ಹತ್ತಿರ ಬಿತ್ತು. ತಲೆಯ ಮೇಲೆ ಬಿತ್ತೆಂದೇ ಹೆದರಿ ಅವನು ಪಕ್ಕಕ್ಕೆ ಹಾರಿದ. ಎತ್ತಪ್ಪನ ಸೊಂಟದ ಪೆಟ್ಟಿಗೆ ಬಡಿದುಕೊಂಡದ್ದು ಅದೇ ಗಳಿಗೆಯಲ್ಲಿ.

ಆ ಸದ್ದನ್ನು ಅವನು ಎಷ್ಟೋ ಸಲ ಕೇಳಿದ್ದ. ಕೇಳಿದಾಗೆಲ್ಲ "ಗಾಡಿ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದ, ಉಳಿದವರೂ ಸರಿಯುತ್ತಿದ್ದರು. ಈ ಸಲ ತಲೆಯೆತ್ತಿದವನಿಗೆ ಮುಂದೆ ಕಂಡದ್ದು ಬಗ್ಗಿದ ಕಾಕಿ ಬೆನ್ನು. ಎದೆಯೊಳಗಿನಿಂದ ಒಂದು ಕೂಗು ಹೊರಟಿತು. ಗಾಳಿಯನ್ನೂ ಮೀರಿದ ಕೂಗು.

"ಚಿತ್ತೇಶಾ! ಈಚೆಗ್ ಬಾರ್ಲಾ! ಈಚೆಗ್ ಬಾರೋ!"

ಎಲ್ಲರೂ ಹಾರಿದರು. ಶಶಿರೇಖಾಳೂ ಹಾರೆ ಎಳೆದುಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು. ಅಣ್ಣಯ್ಯನ ಸೀಟಿ ಆಮೇಲೆ ಕೇಳಿಸಿತು. ತೋಟದ ಮರೆಯಿಂದ ಎಂಜಿನ್ ಹೊರಬಿದ್ದು ಅವರ ಮುಖಕ್ಕೆ ದೂಳೆರಚುತ್ತಾ, ಒಂದೊಂದೇ ಬೋಗಿ ಎಳೆದುಕೊಂಡು ದಾಟಿಹೋಯಿತು. ಕಿಟಕಿಯಲ್ಲಿ ಕೂತ ಮಕ್ಕಳು ಕೈಬೀಸಿದರು. ಯಾರೂ ತಿರುಗಿ ಬೀಸಲಿಲ್ಲ.

ಗಾಡಿ ಹೋದ ಮೇಲೂ ಎತ್ತಪ್ಪ ಖಾಲಿ ಹಳಿಯನ್ನೇ ನೋಡುತ್ತಿದ್ದ. ಅಲ್ಲಿ ಯಾರೂ ಇಲ್ಲ ಎಂಬುದನ್ನು ನಂಬುವುದಕ್ಕೆ ಹೊತ್ತು ಹಿಡಿಯುವವನ ಹಾಗೆ. ಗ್ಯಾಂಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಹೆಸರು ಕೂಗಿದ್ದು ಎಂದು ಎಲ್ಲರಿಗೂ ಕೇಳಿಸಿತ್ತು.

ಶಶಿರೇಖಾ ಹಾರೆ ಕೆಳಗಿಟ್ಟು ಅವನ ತೋಳು ಮುಟ್ಟಿದಳು. "ಬಂದೆ ಬುಡಣ್ಣ" ಎಂದಳು. "ಈಚೆಗೆ ಬಂದೀನಿ. ನೋಡು ಇಲ್ಲಿ."

ಅವನು ತಿರುಗಿ ಅವಳನ್ನು ನೋಡಿದ. ಮೊಣಕಾಲು ಮಡಿಸಿಕೊಂಡು ಜಲ್ಲಿಯ ಮೇಲೆ ಕೂತ. ಎರಡೂ ಕೈ ಹಿಡಿತಕ್ಕೆ ಸಿಗದೆ ನಡುಗತೊಡಗಿದವು. ನಿಲ್ಲಿಸಲು ತೊಡೆಯ ಕೆಳಗೆ ಇಟ್ಟುಕೊಂಡರೂ ನಿಲ್ಲಲಿಲ್ಲ. ಮೇಸ್ತ್ರಿ ಬಂದು, ಎಂದಿನ ಬೈಗುಳ ಬಿಟ್ಟು, "ಏಳಪ್ಪ, ಮನೆಗೋಗು ಇವತ್ತು. ಸೊಂಟದ್ದು ಶಶಿಗೆ ಕೊಡು" ಎಂದರು. ಎತ್ತಪ್ಪ ಬೆಲ್ಟಿಗೆ ಕೈಹಾಕಿದ. ಬಿಚ್ಚಲು ಬೆರಳು ಬಗ್ಗದೆ, ಶಶಿರೇಖಾಳೇ ಬಕಲ್ ತೆಗೆದು ಪೆಟ್ಟಿಗೆಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು.

ಮಟಮಟ ಮಧ್ಯಾಹ್ನ ಗಂಡ ಮನೆಗೆ ಬಂದದ್ದು ಕಂಡು ಯಮುನಾ ಗಾಬರಿಯಾಗಿ ಬಾಗಿಲಿಗೆ ಬಂದಳು. "ಶಶಿಗೇನಾಯ್ತು?" ಎಂಬುದೇ ಅವಳ ಬಾಯಿಂದ ಬಂದ ಮೊದಲ ಮಾತು. ಮೂರು ತಿಂಗಳಿನಿಂದ ಸರಿಯಾಗಿ ಮಾತೂ ಆಡಿಸದ ನಾದಿನಿಗಾಗಿ ಹೀಗೆ ಎದೆ ಹೊಡೆದುಕೊಂಡದ್ದು ಅವಳಿಗೇ ಆಶ್ಚರ್ಯ.

"ಏನಾಗಿಲ್ಲ. ಚೆನ್ನಾಗವ್ಳೆ" ಎಂದ ಎತ್ತಪ್ಪ. ಜಗಲಿಯ ಮೇಲೆ ಕೂತ. ಎದುರಿನ ಗೋಡೆ ನೋಡುತ್ತಾ, ಯಾರೂ ಕೇಳದೆಯೇ ಹೇಳತೊಡಗಿದ.

"ಆವತ್ತು ಪಂಪಿನ ಬಾಯಿಗೆ ಬೊಗ್ಸೆ ಒಡ್ಡಿದ್ದೆ. ಗಾಡಿ ನಿಲ್ಲೋ ಸದ್ದು ಬಂತು. ಆ ತಿರುವಲ್ಲಿ ಗಾಡಿ ನಿಲ್ಲಲ್ಲ ಯಮುನಾ. ಯಾವತ್ತೂ ನಿಂತಿಲ್ಲ. ನಿಂತಿದ್ದು ಕೇಳಿದ್ಮೇಲೆ ನಂಗೆ ಗೊತ್ತಾಗೋಯ್ತು. ಓಡ್ಬೇಕಾಗಿತ್ತು, ಓಡ್ಲಿಲ್ಲ. ನಡ್ಕಂಡ್ ಹೋದೆ. ಬದು ದಾಟಿ, ಪಾತಿ ತುಳೀದಂಗೆ ಸುತ್ತಾಕ್ಕಂಡು, ತೋಟಕ್ಕೆ ಹೋದೋನು ಬರ್ತಾನಲ್ಲ ಹಂಗೆ. ನಿಧಾನಕ್ಕೆ ಹೋದಷ್ಟು ಹೊತ್ತು ಅವನು ಇರ್ತಾನೆ ಅನ್ನಿಸ್ತು."

ಯಮುನಾ ಹೊಸಿಲ ಮೇಲೆ ಕೂತಿದ್ದಳು. ಅಳಲಿಲ್ಲ. ಇಷ್ಟು ದಿನ ಕೇಳಬೇಕೆಂದು ಕಾದದ್ದು ಇದೇ ಮಾತೋ, ಬೇರೆ ಏನೋ, ಅವಳಿಗೂ ತಿಳಿಯಲಿಲ್ಲ.

"ನೀರು ಕುಡಿದ್ರಾ?" ಎಂದಳು.

"ಇಲ್ಲ. ಬೊಗ್ಸೇಲೇ ಇತ್ತು. ಎಲ್ಲಿ ಚೆಲ್ಲಿದ್ನೋ ಗೊತ್ತಿಲ್ಲ."

ಅವಳು ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಕೊಟ್ಟಳು.  ಚೊಂಬಿನ ತಳಕ್ಕೆ ತನ್ನ ಕೈಯನ್ನೂ ಕೊಟ್ಟು ಕುಡಿಸಿದಳು.

ಸಂಜೆ ಶಶಿರೇಖಾ ಬಂದಾಗ ಯಮುನಾ ಅವಳ ಅಂಗಿಯನ್ನು ನೋಡಿ, "ಬಿಚ್ಚಾಕೇ, ಒಗೀತೀನಿ. ಬೆವರಲ್ಲಿ ನೆನ್ದೋಗದೆ" ಎಂದಳು. ಅತ್ತಿಗೆ ನಾದಿನಿಯರ ನಡುವೆ ಅದಕ್ಕಿಂತ ಹೆಚ್ಚಿನ ರಾಜಿಪಂಚಾಯ್ತಿ ನಡೆಯಲಿಲ್ಲ.

ಮುಂದಿನ ಭಾನುವಾರ ಯಮುನಾ ತಾನೂ ಆ ಡಬ್ಬಿ ನೋಡಬೇಕೆಂದಳು. ಎತ್ತಪ್ಪ ಅವಳನ್ನು ಹಳ್ಳಕ್ಕೆ ಕರೆದುಕೊಂಡು ಹೋದ. ಜೀವಿತಾ ಅಲ್ಲಿದ್ದಳು; ತಿರುವಿನಲ್ಲಿ ನಡೆದದ್ದು ಅವಳಿಗೆ ಮೇಸ್ತ್ರಿಯಿಂದ ತಿಳಿದಿತ್ತು. ಯಮುನಾ ಸೇತುವೆಯ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ಇಷ್ಟು ಚಿಕ್ಕದೇ ಎನ್ನುವಂತೆ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಮೇಲೆ ಕಬ್ಬಿಣವೆಲ್ಲ ಗುಡುಗಿತು. ಅವಳು ಕಂಬಕ್ಕೆ ಅಂಗೈ ಒತ್ತಿಕೊಂಡೇ ನಿಂತಳು. ಜೀವಿತಾಳ ಕೈಯಲ್ಲಿದ್ದ ಪೆಟ್ಟಿಗೆ ಬಡಿದುಕೊಂಡಿತು. ಸದ್ದಡಗಿದ ಮೇಲೆ ಯಮುನಾ ಕೇಳಿದಳು.

"ಇದು ಹೋದ ವರ್ಸಾನೇ ಇದ್ದಿದ್ರೆ ನನ್ನ ತಮ್ಮ ಉಳೀತಿದ್ನಾ ಮೇಡಮ್ಮೋರೆ?"

 ಹೌದು ಎಂದರೂ ಗಾಯ, ಇಲ್ಲ ಎಂದರೂ ಗಾಯ. ಜೀವಿತಾ ಇದ್ದದ್ದನ್ನೇ ಹೇಳಿದಳು. "ಗೊತ್ತಿಲ್ಲಮ್ಮ. ಮೊದಮೊದಲು ಇದು ಎಷ್ಟೋ ಗಾಡಿಗೆ ಕೂಗ್ಲೇ ಇಲ್ಲ. ಆ ದಿನದ ಗಾಡಿಗೆ ಕೂಗ್ತಿತ್ತು ಅಂತ ನಾನು ಹೆಂಗೆ ಹೇಳ್ಲಿ?"

"ಹಂಗಾದ್ರೆ ಸರಿಯಾಗಿ ಮಾಡಿ" ಎಂದಳು ಯಮುನಾ. ದನಿಯಲ್ಲಿ ಬೇಡಿಕೆಯಿರಲಿಲ್ಲ, ಮನೆಯ ಹುಡುಗಿಗೆ ಕೆಲಸ ಹೇಳುವ ಹಿರಿಯಳ ಗತ್ತಿತ್ತು. "ನಮ್ ಶಶಿ ದಿನಾ ಹಳಿ ಮ್ಯಾಲವ್ಳೆ."

ಮಹಾಲಯ ಅಮಾವಾಸ್ಯೆಗೆ ಎಲ್ಲರೂ ಹಟ್ಟಿಗೆ ಹೋದರು. ಹಿಂದಿನ ವರ್ಷ ಚಿತ್ತೇಶನಿಗೆ ಎಡೆ ಇಡುವಾಗ ಎತ್ತಪ್ಪ ಮೂಲೆಯಲ್ಲಿ ಕೂತಿದ್ದ. ಈ ಸಲ ಎಡೆಯನ್ನು ತಾನೇ ಬಡಿಸಿದ. ಚಿತ್ತೇಶನಿಗಿಷ್ಟವಾದ ಕಡ್ಲೆಕಾಳಿನ ಉಸಲಿ ಜಾಸ್ತಿ ಹಾಕಿದ. ಕೈ ಮುಗಿದು ಏಳುವಾಗ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದ. ಹಟ್ಟಿಯ ಹೆಂಗಸರು ಓಡಿಬರಲು ಹೋದರೆ ಯಮುನಾ ಕೈ ಅಡ್ಡ ಹಿಡಿದು ತಡೆದಳು. "ಅಳ್ಲಿ ಬುಡಿ" ಎಂದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಎಷ್ಟೋ ದಿನ ಅವನು ಮರದ ಬೊಂಬೆಯ ಹಾಗೆ ಕೂತಿರುತ್ತಿದ್ದ. ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದ. ಒಳ್ಳೆಯ ದಿನಗಳು ನಡುವೆ ನಡುವೆ ಬಂದುಹೋಗುತ್ತಿದ್ದವು.

ದೀಪಾವಳಿ ಕಳೆದ ಮೇಲೆ ಜೀವಿತಾಳಿಗೆ ಕೊಟ್ಟಿದ್ದ ಅನುಮತಿಯ ಅವಧಿ ಮುಗಿಯಿತು. ಪರೀಕ್ಷೆಗೆಂದು ಕಟ್ಟಿದ್ದನ್ನು ಬಿಚ್ಚಲೇಬೇಕು. ಅವಳೂ ಎತ್ತಪ್ಪನೂ ಸೇರಿ ಬಿಚ್ಚಿದರು. "ಇದನ್ನ ಬೆಂಗಳೂರಲ್ಲಿ ತೋರಿಸ್ತೀನಿ. ಒಪ್ಪಿದ್ರೆ ಇನ್ನೂ ಚೆನ್ನಾಗಿರೋದು ಮಾಡ್ಬೋದು. ಎಷ್ಟು ವರ್ಷ ಆಗುತ್ತೋ ಹೇಳಕ್ಕಾಗಲ್ಲ" ಎಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟಳು. ಅವಳಿಗೆ ಡಾಕ್ಟರೇಟು ಬಂತು. ಡಬ್ಬಿ ಮಾತ್ರ ಆ ಸೇತುವೆಗೆ ತಿರುಗಿ ಬರಲಿಲ್ಲ.

ಎತ್ತಪ್ಪ ತನಗಾಗಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಆ ಕಾರ್ತೀಕದಲ್ಲಿ ಒಗೆದ ಅಂಗಿ ತೊಟ್ಟು ತಿಪಟೂರಿನಲ್ಲಿ ಎಂಜಿನಿಯರ್ ಸಾಹೇಬರ ಆಫೀಸಿಗೆ ಹೋಗಿ ಬಾಗಿಲಲ್ಲಿ ನಿಂತ.

"ಆ ಡಬ್ಬಿ ಮತ್ತೆ ಬೇಕು ಸಾರ್."

"ಅದು ನಮ್ಮ ಕೈಲಿಲ್ಲಪ್ಪ. ಮೇಲಿನಿಂದ ಬರ್ಬೇಕು."

"ಆಗ್ಲಿ ಸಾರ್" ಎಂದು ಬಂದ. ಮುಂದಿನ ತಿಂಗಳು ಮತ್ತೆ ಹೋದ. ಸಂಕ್ರಾಂತಿ ಆದ ಮೇಲೆ ಮತ್ತೊಮ್ಮೆ. ಸಾಹೇಬರಿಗೆ ಅವನ ಮುಖ ಪರಿಚಯವಾಯಿತು. ಬೈಯಲಿಲ್ಲ, ಕೂರಿಸಿ ಚಹಾ ತರಿಸಿದರು. ಡಬ್ಬಿ ಕೊಡಿಸಲು ಆಗುವುದಿಲ್ಲ, ಬೇರೆ ಏನಾಗಬೇಕು ಹೇಳು ಎಂದರು.

"ಆಷಾಢದಲ್ಲಿ ಆ ತಿರುವಿಗೆ ಒಬ್ಬ ಬಾವುಟದೋನು ಸಾಲಲ್ಲ ಸಾರ್. ಇಬ್ರು ಬೇಕು. ಇನ್ನೊಬ್ಬ ಸೇತುವೆ ಕಡೆಗೆ ಮುಂದೆ ಹೋಗಿ ನಿಲ್ಲಬೇಕು, ಒಬ್ರಿಗೊಬ್ರು ಕಾಣೋವಷ್ಟು ದೂರದಲ್ಲಿ. ಗಾಳಿ ಇದ್ದಾಗ ಸೀಟಿ ಕೇಳಲ್ಲ, ಬಾವುಟ ಕಾಣುತ್ತೆ."

ಇಷ್ಟುದ್ದ ಮಾತನ್ನು ಅವನು ಒಂದೇ ಉಸಿರಿಗೆ ಆಡಿ ಬಹಳ ಕಾಲವಾಗಿತ್ತು. ಸಾಹೇಬರು ಆಲೋಚಿಸಿ ಒಪ್ಪಿದರು. ಮರುವರ್ಷದಿಂದ ಗಾಳಿಯ ತಿಂಗಳಲ್ಲಿ ಇಬ್ಬರು ನಿಲ್ಲುವ ಪದ್ಧತಿ ಬಂತು. ಸೇತುವೆಯ ಕಡೆಯ ಬಾವುಟಕ್ಕೆ ಎತ್ತಪ್ಪ ತಾನೇ ನಿಂತ. ಶಶಿರೇಖಾ ಕೆಲಸ ಮಾಡುವ ದಿನ ಆ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಮೇಸ್ತ್ರಿ ಬೇರೆ ಕೆಲಸ ಹೇಳಿದರೆ, "ಇವತ್ತೊಂದಿನ ನಾನೇ ನಿಂತ್ಕಂತೀನಿ ಮೇಸ್ತ್ರಿ" ಎನ್ನುತ್ತಿದ್ದ. ಪ್ರತಿ ಸಲವೂ ಅದೇ ಮಾತು. ಗಂಗಾಧರಯ್ಯ ಒಂದು ಸಲವೂ ಇಲ್ಲವೆನ್ನಲಿಲ್ಲ.